ಇಪ್ಪತ್ತನೆಯ ಮಹಡಿಯ ಗಿಡುಗಗಳು

ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್ ಮೊದಲಾದ ನಗರಗಳ ಎತ್ತರದ ಕಟ್ಟಡಗಳಲ್ಲಿ ಪೆರೆಗ್ರಿನ್ ಗಿಡುಗಗಳು ಮೊಟ್ಟೆಯಿಟ್ಟು ಮರಿ ಮಾಡುವುದು ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಇದೇ ಹಕ್ಕಿ ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಾರ್ಧದಲ್ಲಿ ಮರಿ ಮಾಡುವುದನ್ನೇ ನಿಲ್ಲಿಸಿತ್ತು, ಬ್ರಿಟನ್ನಿನಲ್ಲಿ ಅದರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಅದು ಅಳಿದ ಕಾರಣ ಗೊತ್ತಾದದ್ದು, ಗೊತ್ತಾದ ಮೇಲೆ ಅದನ್ನು ಮರಳಿ ತರುವ ಯತ್ನ ನಡೆದದ್ದು, ಹಾಗೆ ತಂದ ಹಕ್ಕಿಗಳು ಬೆಟ್ಟಗಳಿಗಿಂತ ಮೊದಲು ನಗರಗಳನ್ನು ಹಿಡಿದದ್ದು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಚರಿತ್ರೆ. ಈ ಚರಿತ್ರೆಯ ಬುಡದಲ್ಲಿರುವುದು ಪ್ರಯೋಗಶಾಲೆಯ ಯಾವುದೋ ಒಂದು ಸಂಶೋಧನೆಯಲ್ಲ. ವರ್ಷಗಟ್ಟಲೆ ಒಂದೇ ಬಂಡೆಯನ್ನೋ ಒಂದೇ ಕಟ್ಟಡವನ್ನೋ ನೋಡುತ್ತ, ಕಂಡದ್ದನ್ನು ತಾರೀಖಿನೊಂದಿಗೆ ಬರೆದಿಟ್ಟವರ ಶ್ರಮ. ಅವರಲ್ಲಿ ಹೆಚ್ಚಿನವರು ವೃತ್ತಿಯಿಂದ ವಿಜ್ಞಾನಿಗಳಾಗಿರಲಿಲ್ಲ.

ಫಾಲ್ಕೋ ಪೆರೆಗ್ರಿನಸ್ ಎಂಬ ಶಾಸ್ತ್ರೀಯ ಹೆಸರಿನ ಈ ಗಿಡುಗ ಅಂಟಾರ್ಕ್ಟಿಕವನ್ನು ಬಿಟ್ಟು ಉಳಿದೆಲ್ಲ ಖಂಡಗಳಲ್ಲಿ ಇದೆ. ಗಂಡಿಗಿಂತ ಹೆಣ್ಣು ಸುಮಾರು ಮೂರನೆಯ ಒಂದು ಪಾಲಿನಷ್ಟು ದೊಡ್ಡದು. ಹಾರುವ ಹಕ್ಕಿಗಳನ್ನು ಹಾರಾಟದಲ್ಲೇ ಹಿಡಿಯುವುದು ಇದರ ಕಸುಬು: ಎತ್ತರಕ್ಕೇರಿ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗಿ, ಕಾಲಿನಿಂದ ಹೊಡೆದು, ಬೇಟೆ ಇನ್ನೂ ಬದುಕಿದ್ದರೆ ಕೊಕ್ಕಿನ ಅಂಚಿನಲ್ಲಿರುವ ಹಲ್ಲಿನಂಥ ಚೂಪಿನಿಂದ ಅದರ ಕತ್ತಿನ ಮೂಳೆಯನ್ನು ಮುರಿಯುತ್ತದೆ. ಭಾರತದಲ್ಲಿ ಇದು ಎರಡು ಬಗೆಯಾಗಿ ಕಾಣಸಿಗುತ್ತದೆ. ಉತ್ತರ ಏಷ್ಯದ ಹಿಮಬಯಲುಗಳಿಂದ ಚಳಿಗಾಲಕ್ಕೆ ಬಂದು, ಕೆರೆಬಯಲುಗಳ ಬಳಿಯಲ್ಲೋ ಎತ್ತರದ ಗೋಪುರಗಳ ಮೇಲೋ ಕೆಲವು ತಿಂಗಳು ತಂಗಿ ಹಿಂದಿರುಗುವುದು ಒಂದು. ಶಾಹೀನ್ ಎಂದು ಹೆಸರಾದ, ಹೊಟ್ಟೆಯ ಭಾಗ ಕೆಂಗಂದು ಬಣ್ಣದ, 1837ರಲ್ಲಿ ಸ್ವೀಡನ್ನಿನ ಕಾರ್ಲ್ ಸುಂಡೆವಾಲ್ ವಿವರಿಸಿದ ಉಪಜಾತಿ ಇನ್ನೊಂದು. ಇದು ವರ್ಷವಿಡೀ ಇಲ್ಲೇ ಇದ್ದು ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಮರಿ ಮಾಡುತ್ತದೆ. ಶ್ರೀಲಂಕೆಯ ಸಿಗಿರಿಯ ಬಂಡೆ ಶಾಹೀನ್‌ನ ಪ್ರಸಿದ್ಧ ನೆಲೆಗಳಲ್ಲಿ ಒಂದು.

ಈ ಗಿಡುಗ ಗೂಡು ಕಟ್ಟುವುದಿಲ್ಲ ಎಂಬುದು ಮುಂದಿನ ಕಥೆಗೆ ಮುಖ್ಯವಾದ ಮಾತು. ಕಡ್ಡಿ, ನಾರು, ಗರಿ ಯಾವುದನ್ನೂ ಅದು ತರುವುದಿಲ್ಲ. ಬಂಡೆಯ ಚಾಚಿನ ಮೇಲಿರುವ ಮಣ್ಣು ಅಥವಾ ಸಣ್ಣ ಜಲ್ಲಿಯ ಮೇಲೆ ಎದೆಯನ್ನೂರಿ, ಕಾಲುಗಳಿಂದ ಹಿಂದಕ್ಕೆ ಕೆರೆಯುತ್ತ, ಮೈಯನ್ನು ಸುತ್ತ ತಿರುಗಿಸುತ್ತ, ಬೋಗುಣಿಯಷ್ಟು ಅಗಲದ ಒಂದು ತಗ್ಗು ಮಾಡಿಕೊಂಡು ಅದರಲ್ಲಿ ಮೂರೋ ನಾಲ್ಕೋ ಇಟ್ಟಿಗೆಗೆಂಪು ಚುಕ್ಕೆಗಳ ಮೊಟ್ಟೆಗಳನ್ನಿಡುತ್ತದೆ. ಗಂಡು ಹೆಣ್ಣುಗಳೆರಡೂ ಸರದಿಯಂತೆ ಸುಮಾರು 33 ದಿನ ಕಾವು ಕೊಡುತ್ತವೆ. ಹೊರಬಂದ ಮರಿಗಳು ಆರು ವಾರಗಳ ಹೊತ್ತಿಗೆ ಹಾರುತ್ತವೆ. ಹೀಗಾಗಿ ಈ ಹಕ್ಕಿಗೆ ಬೇಕಾದದ್ದು ಮೂರೇ: ಯಾರೂ ಹತ್ತಲಾಗದ ಎತ್ತರ, ಎದುರಿಗೆ ತೆರೆದ ಆಕಾಶ, ತಗ್ಗು ಕೆರೆಯಲು ಒಂದಿಷ್ಟು ಸಡಿಲ ನೆಲ. ಮೊದಲೆರಡನ್ನು ನಗರ ತಾನಾಗಿ ಒದಗಿಸುತ್ತದೆ, ಮೂರನೆಯದನ್ನು ಮನುಷ್ಯರೇ ಒದಗಿಸಬೇಕಾಗುತ್ತದೆ.

ಮನುಷ್ಯರಿಗೂ ಈ ಹಕ್ಕಿಗೂ ಇರುವ ನಂಟು ನಗರದ ಗೂಡುಗಳಿಗಿಂತ ಬಹಳ ಹಳೆಯದು. ಗಿಡುಗವನ್ನು ಪಳಗಿಸಿ ಬೇಟೆಗೆ ಬಿಡುವ ವಿದ್ಯೆ ಏಷ್ಯ ಮತ್ತು ಯೂರೋಪುಗಳ ಅರಮನೆಗಳಲ್ಲಿ ಶಾಸ್ತ್ರದ ಮಟ್ಟಕ್ಕೆ ಬೆಳೆದಿತ್ತು. ಹದಿಮೂರನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡೆರಿಕ್ ಲ್ಯಾಟಿನ್ನಿನಲ್ಲಿ ಇದರ ಬಗ್ಗೆ ದೊಡ್ಡ ಗ್ರಂಥವನ್ನು ಬರೆದ; ಅದಕ್ಕೂ ಒಂದು ಶತಮಾನದ ಹಿಂದೆಯೇ, 1130ರ ಸುಮಾರಿಗೆ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಶ್ಯೇನವಿನೋದಕ್ಕೆ, ಅಂದರೆ ಗಿಡುಗಗಳ ಬೇಟೆಗೆ, ಸ್ಥಾನ ಕೊಟ್ಟಿದ್ದ. ಮರಿಯನ್ನು ಯಾವ ವಯಸ್ಸಿನಲ್ಲಿ ತರಬೇಕು, ಹೇಗೆ ಉಣಿಸಬೇಕು, ಮನುಷ್ಯರ ಸಂಗ ಎಷ್ಟಿರಬೇಕು, ಯಾವಾಗ ಬಿಟ್ಟರೆ ಮರಳಿ ಬರುತ್ತದೆ ಎಂಬ ತಿಳಿವಳಿಕೆ ಹೀಗೆ ಕೈಯಿಂದ ಕೈಗೆ ದಾಟುತ್ತ ಬಂತು. ಅರಸೊತ್ತಿಗೆಯ ಈ ಆಟದ ಜ್ಞಾನವೇ ಹಕ್ಕಿಯನ್ನು ಅಳಿವಿನಂಚಿನಿಂದ ಹಿಂದಕ್ಕೆ ತರುವ ಸಾಧನವಾಗುತ್ತದೆ ಎಂದು 1960ರ ತನಕ ಯಾರೂ ಊಹಿಸಿರಲಿಕ್ಕಿಲ್ಲ.

ಕಟ್ಟಡಗಳ ಮೇಲೆ ಗಿಡುಗ ನೆಲೆಸಿದ ಉದಾಹರಣೆಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಸಿಗುತ್ತವೆ. ಇಂಗ್ಲೆಂಡಿನ ಸಾಲ್ಸ್‌ಬರಿಯ ಚರ್ಚಿನ ಮುಗಿಲೆತ್ತರದ ಶಿಖರದಲ್ಲಿ ಆ ಕಾಲದಲ್ಲೇ ಅವು ಕಂಡಿದ್ದವು. ಆದರೆ ಆಧುನಿಕ ಮಹಾನಗರವೊಂದರ ನಡುಮಧ್ಯದಲ್ಲಿ, ವರ್ಷ ತಪ್ಪದಂತೆ, ಸವಿವರವಾದ ದಾಖಲೆಯೊಂದಿಗೆ ಒಂದು ಜೋಡಿಯ ಬಾಳು ತಿಳಿದುಬಂದ ಪ್ರಸಿದ್ಧ ನಿದರ್ಶನವೆಂದರೆ ಕೆನಡಾದ ಮಾಂಟ್ರಿಯಲ್ ನಗರದ್ದು.

ಅಲ್ಲಿನ ಡೊಮಿನಿಯನ್ ಚೌಕದ ಪಕ್ಕದಲ್ಲಿ ಸನ್ ಲೈಫ್ ಎಂಬ ವಿಮಾ ಸಂಸ್ಥೆ 1913ರಲ್ಲಿ ಆರಂಭಿಸಿ, ಹಂತಹಂತವಾಗಿ ವಿಸ್ತರಿಸಿ, 1930ರ ದಶಕದ ಆರಂಭದಲ್ಲಿ ಮುಗಿಸಿದ ಕಲ್ಲಿನ ಕಟ್ಟಡ 122 ಮೀಟರ್ ಎತ್ತರದ್ದು. ಒಳಗಿನ ಜಾಗದ ಲೆಕ್ಕದಲ್ಲಿ ಅದು ಅಂದಿನ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಅತಿ ದೊಡ್ಡದೆನಿಸಿತ್ತು. ಮೇಲಕ್ಕೆ ಹೋದಂತೆ ಮೆಟ್ಟಿಲಾಗಿ ಹಿಂದಕ್ಕೆ ಸರಿಯುವ ಅದರ ಗೋಡೆಗಳಲ್ಲಿ ಕಂಬಸಾಲುಗಳೂ ಅಗಲವಾದ ಚಾಚುಗಳೂ ಇವೆ. ಹಾರಿಬರುವ ಹಕ್ಕಿಯ ಕಣ್ಣಿಗೆ ಅದೊಂದು ಕಡಿದಾದ ಬೆಟ್ಟ. 1936ರಲ್ಲಿ ಒಂದು ಜೋಡಿ ಗಿಡುಗ ಅಲ್ಲಿ ಕಾಣಿಸಿಕೊಂಡಿತು. ಇಪ್ಪತ್ತನೆಯ ಮಹಡಿಯ ಮಟ್ಟದ ಚಾಚು ಅವುಗಳಿಗೆ ಒಪ್ಪಿತಾದರೂ ಬರಿಯ ಕಲ್ಲಿನ ಮೇಲೆ ತಗ್ಗು ಕೆರೆಯಲು ಏನೂ ಇರಲಿಲ್ಲ. ಅಂಥ ನೆಲದಲ್ಲಿ ಮೊಟ್ಟೆಗಳು ಉರುಳುತ್ತವೆ, ಮಳೆನೀರು ನಿಲ್ಲುತ್ತದೆ, ಕಾವು ಕೂಡುವುದಿಲ್ಲ. ಜಾರ್ಜ್ ಹಾರ್ಪರ್ ಹಾಲ್ ಎಂಬ ಹವ್ಯಾಸಿ ಪಕ್ಷಿವೀಕ್ಷಕರು ಇದನ್ನು ಗಮನಿಸಿ, 1940ರಲ್ಲಿ ಮರಳು ಮತ್ತು ಜಲ್ಲಿ ತುಂಬಿದ ಅಗಲವಾದ ತಟ್ಟೆಪೆಟ್ಟಿಗೆಯನ್ನು ಅಲ್ಲಿ ಇಡಿಸಿದರು. ಹೆಣ್ಣು ಗಿಡುಗ ಅದನ್ನು ಸ್ವೀಕರಿಸಿತು. ಇಂದು ಜಗತ್ತಿನ ನೂರಾರು ಕಟ್ಟಡಗಳ ಮೇಲೆ ಇರುವ ಗಿಡುಗದ ಪೆಟ್ಟಿಗೆಗಳೂ ತತ್ತ್ವದಲ್ಲಿ ಇಷ್ಟೇ: ಮೂರು ಬದಿಗೆ ಹಲಗೆ, ಮೇಲೊಂದು ಮಾಡು, ಒಳಗೆ ನೀರು ಬಸಿದುಹೋಗುವಂಥ ಜಲ್ಲಿ.

ಅಂದಿನಿಂದ 1952ರ ತನಕ ಆ ಹೆಣ್ಣು ಪ್ರತಿ ವಸಂತದಲ್ಲೂ ಅದೇ ಕಟ್ಟಡಕ್ಕೆ ಸೇರಿತು. ಒಂದಾದ ಮೇಲೊಂದರಂತೆ ಮೂರು ಗಂಡುಗಳೊಂದಿಗೆ ಬಾಳಿ, ಇಪ್ಪತ್ತಕ್ಕೂ ಹೆಚ್ಚು ಮರಿಗಳನ್ನು ಹಾರಿಸಿತು. ಹಾಲ್ ಅವರು ಅದರ ಪ್ರತಿಯೊಂದು ವರ್ಷದ ವಿವರವನ್ನು ಬರೆದರು, ಛಾಯಾಚಿತ್ರಗಳನ್ನು ತೆಗೆದರು, 1955ರಲ್ಲಿ ಅವರ ಬರಹ ಪುಸ್ತಕವಾಗಿ ಪ್ರಕಟವಾಯಿತು. ಬೆಟ್ಟದ ಗೂಡನ್ನು ನೋಡುವವರು ದೂರದ ದಿಬ್ಬದಿಂದ ದುರ್ಬೀನು ಹಿಡಿದು ನೋಡಬೇಕಿತ್ತು, ಇಲ್ಲವೆ ಹಗ್ಗ ಕಟ್ಟಿ ಇಳಿದು ಹಕ್ಕಿಯನ್ನು ಗಾಬರಿಪಡಿಸಬೇಕಿತ್ತು. ಕಟ್ಟಡದಲ್ಲಾದರೋ ಕಿಟಕಿಯ ಗಾಜಿನ ಹಿಂದೆ ನಿಂತು, ಕೆಲವೇ ಅಡಿಗಳ ಅಂತರದಲ್ಲಿ, ಕಾವು ಬದಲಾಯಿಸುವ ಕ್ರಮವನ್ನು, ಗಂಡು ತಂದ ಪಾರಿವಾಳವನ್ನು ಹೆಣ್ಣು ಗಾಳಿಯಲ್ಲೇ ಎತ್ತಿಕೊಳ್ಳುವುದನ್ನು, ಗರಿ ಕಿತ್ತು ಮಾಂಸವನ್ನು ಎಳೆಎಳೆಯಾಗಿ ಹರಿದು ಒಂದೊಂದು ಮರಿಯ ಬಾಯಿಗೂ ಕೊಡುವ ಎಚ್ಚರವನ್ನು ನೋಡಬಹುದಾಗಿತ್ತು. ಒಂದೇ ಹೆಣ್ಣು ಹಕ್ಕಿಯನ್ನು ಇಷ್ಟು ವರ್ಷ ಬಿಡದೆ ಹಿಂಬಾಲಿಸಿದ ದಾಖಲೆ ಆ ಕಾಲದಲ್ಲಿ ಬಹು ವಿರಳ, ಹಾಲ್ ಅವರ ಹೆಸರು ಪಕ್ಷಿಶಾಸ್ತ್ರದ ಚರಿತ್ರೆಯಲ್ಲಿ ಈಗ ದೊರೆಯುತ್ತಿರುವುದಕ್ಕಿಂತ ಹೆಚ್ಚಿನ ಗೌರವಕ್ಕೆ ಅರ್ಹವಾದದ್ದು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಈ ಕಟ್ಟಡದ ತುದಿಯಲ್ಲಿ ಗಿಡುಗ ಮರಿ ಮಾಡುತ್ತಿದ್ದರೆ ಬುಡದಲ್ಲಿ ಬೇರೆಯೇ ವ್ಯವಹಾರ ನಡೆದಿತ್ತು. 1940ರ ಬೇಸಿಗೆಯಲ್ಲಿ ಜರ್ಮನಿಯ ದಾಳಿಗೆ ಹೆದರಿದ ಬ್ರಿಟಿಷ್ ಸರ್ಕಾರ ತನ್ನ ಚಿನ್ನವನ್ನೂ ಹಣಕಾಸಿನ ಪತ್ರಗಳನ್ನೂ ಗುಟ್ಟಾಗಿ ಹಡಗುಗಳಲ್ಲಿ ಕೆನಡಾಕ್ಕೆ ಸಾಗಿಸಿತು. ಚಿನ್ನ ಆಟವಾಕ್ಕೆ ಹೋಯಿತು, ಷೇರು ಮತ್ತು ಸಾಲಪತ್ರಗಳ ರಾಶಿ ಸನ್ ಲೈಫ್ ಕಟ್ಟಡದ ನೆಲಮಾಳಿಗೆಯಲ್ಲಿ ಪೊಲೀಸರ ಕಾವಲಿನಲ್ಲಿ ಯುದ್ಧ ಮುಗಿಯುವವರೆಗೆ ಇತ್ತು. ಅದೇ 1940ರಲ್ಲಿ ಅದೇ ಬ್ರಿಟಿಷ್ ಸರ್ಕಾರದ ವಾಯುಖಾತೆ ಪೆರೆಗ್ರಿನ್ ಗಿಡುಗಗಳನ್ನು ಕೊಲ್ಲುವ ಆದೇಶವನ್ನು ಹೊರಡಿಸಿತು. ಸಮುದ್ರದಲ್ಲಿ ಬಿದ್ದ ಯುದ್ಧವಿಮಾನಗಳ ಸಿಬ್ಬಂದಿ ತಾವಿರುವ ಜಾಗವನ್ನು ತಿಳಿಸಲು ಪಾರಿವಾಳಗಳನ್ನು ಬಿಡುತ್ತಿದ್ದರು, ದಡದ ಬಂಡೆಗಳ ಗಿಡುಗಗಳು ಅವುಗಳನ್ನು ಹಿಡಿಯುತ್ತವೆ ಎಂಬುದು ಆದೇಶದ ಕಾರಣ. ಯುದ್ಧ ಮುಗಿಯುವುದರೊಳಗೆ ಸುಮಾರು 600 ಗಿಡುಗಗಳು, ಮರಿಗಳನ್ನೂ ಸೇರಿಸಿ, ಗುಂಡಿಗೆ ಬಲಿಯಾದವು, ಮೊಟ್ಟೆಗಳನ್ನೂ ನಾಶಮಾಡಲಾಯಿತು. ಆದರೂ ಆದೇಶ ರದ್ದಾದ ಕೆಲವೇ ವರ್ಷಗಳಲ್ಲಿ ಹಕ್ಕಿಗಳು ಖಾಲಿಯಾದ ಬಂಡೆಗಳಿಗೆ ಮರಳತೊಡಗಿದವು. ಬಂದೂಕಿನ ಹಾನಿಯನ್ನು ಈ ಜೀವಿ ತುಂಬಿಕೊಳ್ಳಬಲ್ಲದು ಎಂದು ಅದರಿಂದ ತಿಳಿದಿತ್ತು, ಆದ್ದರಿಂದಲೇ ಅದರ ಹಿಂದೆ ಬಂದ ಕುಸಿತ ಯಾರಿಗೂ ಅರ್ಥವಾಗಲಿಲ್ಲ.

ಆ ಕುಸಿತದ ಮೂಲದಲ್ಲಿದ್ದದ್ದು ಡಿಡಿಟಿ. ಈ ರಾಸಾಯನಿಕಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯಿರುವುದನ್ನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದರು, 1948ರಲ್ಲಿ ಅದಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದರು. ಅದರ ಉಪಕಾರವನ್ನು ಮರೆತು ಅಪಕಾರವನ್ನಷ್ಟೇ ಹೇಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಕರ್ನಾಟಕದ ಮಟ್ಟಿಗಂತೂ ಹಾಗೆ ಹೇಳಲು ಸಾಧ್ಯವೇ ಇಲ್ಲ. ಭಾರತದ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆದು ಮಲೇರಿಯ ತಡೆಯುವ ಮೊದಲ ದೊಡ್ಡ ಯತ್ನಗಳಲ್ಲಿ ಒಂದು ನಡೆದದ್ದು 1946ರಲ್ಲಿ, ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ವೈದ್ಯ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ. ಚಳಿಜ್ವರದಿಂದ ಬರಿದಾಗುತ್ತಿದ್ದ ಘಟ್ಟದ ಸೀಮೆಗಳಲ್ಲಿ ಅದು ತಂದ ಬದಲಾವಣೆ ಎದ್ದು ಕಾಣುವಂತಿತ್ತು, 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಅಂಥ ಅನುಭವಗಳೇ ಬುನಾದಿಯಾದವು. ಗೋಡೆಗೆ ಅಳತೆಯಿಟ್ಟು ಹೊಡೆದ ಔಷಧಿಗೂ, ಹೊಲಗದ್ದೆ ಕಾಡುಗಳ ಮೇಲೆ ಟನ್ನುಗಟ್ಟಲೆ ಸುರಿದ ಔಷಧಿಗೂ ಇರುವ ಅಂತರವನ್ನು ಯೂರೋಪು ಮತ್ತು ಅಮೆರಿಕಗಳು ಆ ವರ್ಷಗಳಲ್ಲಿ ಎಣಿಸಲಿಲ್ಲ. ಡಿಡಿಟಿ ಬೇಗ ಕರಗುವ ವಸ್ತುವಲ್ಲ. ಕಾಳು ತಿಂದ, ಹುಳು ತಿಂದ ಹಕ್ಕಿಯ ಕೊಬ್ಬಿನಲ್ಲಿ ಅದು ಉಳಿಯುತ್ತದೆ. ಅಂಥ ನೂರಾರು ಹಕ್ಕಿಗಳನ್ನು ತಿನ್ನುವ ಗಿಡುಗದ ಮೈಯಲ್ಲಿ ಅದು ಹಲವು ಪಟ್ಟು ಸಾಂದ್ರವಾಗುತ್ತದೆ.

ಅನಾಹುತದ ಮೊದಲ ಕುರುಹನ್ನು ಕಂಡವರಲ್ಲಿ ಇಂಗ್ಲೆಂಡಿನ ಡೆರೆಕ್ ರ‍್ಯಾಟ್‌ಕ್ಲಿಫ್ ಪ್ರಮುಖರು. ಬಾಲ್ಯದಿಂದಲೇ ಉತ್ತರ ಇಂಗ್ಲೆಂಡ್ ಮತ್ತು ದಕ್ಷಿಣ ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಗಿಡುಗದ ನೆಲೆಗಳನ್ನು ವರ್ಷ ವರ್ಷ ಹತ್ತಿ ನೋಡುತ್ತಿದ್ದ ಅವರು, 1950ರ ದಶಕದಲ್ಲಿ ಗೂಡಿನಲ್ಲೇ ಒಡೆದ ಮೊಟ್ಟೆಗಳನ್ನು ಮತ್ತೆ ಮತ್ತೆ ಕಂಡರು. ತಾಯಿಹಕ್ಕಿಯೇ ತನ್ನ ಮೊಟ್ಟೆಯನ್ನು ಒಡೆದು ತಿನ್ನುವ ಪ್ರಸಂಗಗಳೂ ಇದ್ದವು. ಹಿಂದೆ ಇಂಥದ್ದು ಇರಲಿಲ್ಲವೆಂದು ಅವರಿಗೆ ಖಚಿತವಾಗಿ ಹೇಳಲು ಸಾಧ್ಯವಾದದ್ದು ಅದೇ ಬಂಡೆಗಳನ್ನು ಅವರು ಹಿಂದೆಯೂ ನೋಡಿದ್ದರಿಂದ. 1958ರಲ್ಲಿ ಈ ಸಂಗತಿಯನ್ನು ಅವರು ಪ್ರಕಟಿಸಿದರಾದರೂ ಕಾರಣ ಮಾತ್ರ ಹೊಳೆದಿರಲಿಲ್ಲ.

ದೇಶವ್ಯಾಪಿ ಎಣಿಕೆಗೆ ಪ್ರೇರಣೆ ಬಂದದ್ದು ಹಕ್ಕಿಯ ಹಿತೈಷಿಗಳಿಂದಲ್ಲ, ವಿರೋಧಿಗಳಿಂದ. ಗಿಡುಗಗಳ ಸಂಖ್ಯೆ ಮಿತಿಮೀರಿದೆ, ಬೆಲೆಬಾಳುವ ಪಂದ್ಯದ ಪಾರಿವಾಳಗಳನ್ನು ಅವು ಕೊಲ್ಲುತ್ತಿವೆ, ಆದ್ದರಿಂದ ಅವುಗಳಿಗಿರುವ ಕಾನೂನಿನ ರಕ್ಷಣೆಯನ್ನು ತೆಗೆಯಬೇಕು ಎಂದು ಪಾರಿವಾಳ ಸಾಕುವವರು 1960ರ ಸುಮಾರಿಗೆ ಬ್ರಿಟಿಷ್ ಗೃಹಖಾತೆಗೆ ಮನವಿ ಕೊಟ್ಟರು. ದೂರಿನ ಸತ್ಯಾಸತ್ಯವನ್ನು ತಿಳಿಯಲು 1961 ಮತ್ತು 1962ರಲ್ಲಿ ರ‍್ಯಾಟ್‌ಕ್ಲಿಫ್ ಅವರ ಮೇಲ್ವಿಚಾರಣೆಯಲ್ಲಿ ಗಣತಿ ನಡೆಯಿತು. ಹೆಚ್ಚಾಗಿವೆಯೆಂದು ದೂರಲಾಗಿದ್ದ ಹಕ್ಕಿಗಳು ದಕ್ಷಿಣ ಇಂಗ್ಲೆಂಡಿನ ಬಂಡೆಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗಿದ್ದವು. 1963ರ ವೇಳೆಗೆ ದೇಶದ ಒಟ್ಟು ಸಂಖ್ಯೆ ಯುದ್ಧಪೂರ್ವದ ಅರ್ಧದಷ್ಟೂ ಇರಲಿಲ್ಲ. ಬಿತ್ತನೆ ಬೀಜಕ್ಕೆ ಲೇಪಿಸುತ್ತಿದ್ದ ಡೀಲ್ಡ್ರಿನ್ ಮತ್ತು ಆಲ್ಡ್ರಿನ್ ಎಂಬ ಇನ್ನೂ ಘೋರವಾದ ವಿಷಗಳು, ಅಂಥ ಬೀಜ ತಿಂದ ಪಾರಿವಾಳಗಳ ಮೂಲಕ ಬೆಳೆದ ಗಿಡುಗಗಳನ್ನೇ ನೇರವಾಗಿ ಕೊಲ್ಲುತ್ತಿದ್ದವು ಎಂಬುದು ಆ ಹೊತ್ತಿಗೆ ಸ್ಪಷ್ಟವಾಗತೊಡಗಿತ್ತು. ಮೊಟ್ಟೆ ಒಡೆಯುವ ಒಗಟು ಮಾತ್ರ ಹಾಗೇ ಉಳಿದಿತ್ತು.

ಆ ಒಗಟನ್ನು ಬಿಡಿಸಿದ್ದು ಮೊಟ್ಟೆಗಳ್ಳರ ಪೆಟ್ಟಿಗೆಗಳು. ಹತ್ತೊಂಬತ್ತನೆಯ ಶತಮಾನದಿಂದ ಬ್ರಿಟನ್ನಿನಲ್ಲಿ ಕಾಡುಹಕ್ಕಿಗಳ ಮೊಟ್ಟೆ ಸಂಗ್ರಹಿಸುವ ಗೀಳು ಬಲವಾಗಿತ್ತು, 1954ರ ಕಾನೂನು ಅದನ್ನು ನಿಷೇಧಿಸುವ ತನಕ ಗಿಡುಗದ ಮೊಟ್ಟೆಗೆ ವಿಶೇಷ ಬೇಡಿಕೆಯಿತ್ತು. ಸಂಗ್ರಾಹಕರು ಮೊಟ್ಟೆಯ ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದು, ಗಾಳಿಯೂದಿ ಒಳಗಿನದನ್ನು ಹೊರಹಾಕಿ, ಒಣಗಿದ ಚಿಪ್ಪನ್ನು ಹತ್ತಿಯ ಮೇಲಿಟ್ಟು, ಜೊತೆಯ ಚೀಟಿಯಲ್ಲಿ ಊರು, ತಾರೀಖು, ಗೂಡಿನಲ್ಲಿದ್ದ ಮೊಟ್ಟೆಗಳ ಸಂಖ್ಯೆಯನ್ನು ಬರೆಯುತ್ತಿದ್ದರು. ಅವರು ಮಾಡಿದ ಹಾನಿ ನಿಜ. ಅವರ ಚೀಟಿಗಳ ಶಿಸ್ತೂ ಅಷ್ಟೇ ನಿಜ. ರ‍್ಯಾಟ್‌ಕ್ಲಿಫ್ ಸಂಗ್ರಹದಿಂದ ಸಂಗ್ರಹಕ್ಕೆ ಹೋಗಿ ಹಳೆಯ, ಹೊಸ ಚಿಪ್ಪುಗಳನ್ನು ತೂಗಿದರು, ಉದ್ದ ಮತ್ತು ಅಗಲಗಳನ್ನು ಅಳೆದರು. ಚಿಪ್ಪನ್ನು ಒಡೆಯದೆ ಅದರ ದಪ್ಪವನ್ನು ಅಂದಾಜು ಮಾಡಲು ತೂಕವನ್ನು ಉದ್ದ ಅಗಲಗಳ ಗುಣಲಬ್ಧದಿಂದ ಭಾಗಿಸುವ ಸರಳವಾದ ಸೂಚ್ಯಂಕವೊಂದನ್ನು ಬಳಸಿದರು. ಆ ಸೂಚ್ಯಂಕ ದಶಕಗಳ ಕಾಲ ಅಲುಗಾಡದೆ ನಿಂತು, 1947ರ ಹೊತ್ತಿಗೆ ಥಟ್ಟನೆ ಕುಸಿದಿತ್ತು. ಆ ಬಳಿಕದ ಚಿಪ್ಪುಗಳು ಸರಾಸರಿಯಲ್ಲಿ ಸುಮಾರು ಐದನೆಯ ಒಂದು ಪಾಲಿನಷ್ಟು ಹಗುರವಾಗಿದ್ದವು. ಡಿಡಿಟಿ ಸಾರ್ವತ್ರಿಕ ಬಳಕೆಗೆ ಬಂದ ಕಾಲವೂ ಅದೇ. 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧ ಕೆಲವೇ ಪುಟಗಳದು. ಡಿಡಿಟಿ ದೇಹದಲ್ಲಿ ಮಾರ್ಪಟ್ಟು ಉಂಟಾಗುವ ಡಿಡಿಇ ಎಂಬ ವಸ್ತು, ರಕ್ತದಲ್ಲಿರುವ ಸುಣ್ಣದ ಅಂಶ ಚಿಪ್ಪು ಕಟ್ಟುವ ಗ್ರಂಥಿಗೆ ದಾಟುವುದನ್ನು ತಡೆಯುತ್ತದೆ ಎಂಬುದು ಮುಂದಿನ ಪ್ರಯೋಗಗಳಿಂದ ಖಚಿತವಾಯಿತು. ತೆಳುವಾದ ಚಿಪ್ಪು ಕಾವಿಗೆ ಕುಳಿತ ತಾಯಿಯ ಭಾರವನ್ನೇ ತಾಳಲಾರದೆ ಬಿರಿಯುತ್ತಿತ್ತು.

ಅಮೆರಿಕದಲ್ಲಿಯೂ ಹಳೆಯ ಪಟ್ಟಿಯೊಂದು ಇಂಥದ್ದೇ ಕೆಲಸ ಮಾಡಿತು. ಜೋಸೆಫ್ ಹಿಕ್ಕಿ ಎಂಬವರು ಮೊಟ್ಟೆ ಸಂಗ್ರಾಹಕರು, ಗಿಡುಗ ಪಳಗಿಸುವವರು, ಹವ್ಯಾಸಿ ವೀಕ್ಷಕರು ಮುಂತಾದವರಿಂದ ಮಾಹಿತಿ ಕೂಡಿಸಿ, ದೇಶದ ಪೂರ್ವ ಭಾಗದ ಗಿಡುಗದ ನೆಲೆಗಳ ವಿವರವನ್ನು 1942ರಲ್ಲಿ ಪ್ರಕಟಿಸಿದ್ದರು. 1964ರಲ್ಲಿ ಆ ಬಗೆಯ 133 ಹಳೆಯ ನೆಲೆಗಳನ್ನು ಮತ್ತೆ ಹುಡುಕಿಕೊಂಡು ಹೋದವರಿಗೆ ಒಂದರಲ್ಲಿಯೂ ಹಕ್ಕಿ ಸಿಗಲಿಲ್ಲ. ಮರುವರ್ಷ ಹಿಕ್ಕಿಯವರು ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರದಲ್ಲಿ ಹಲವು ದೇಶಗಳ ತಜ್ಞರನ್ನು ಸೇರಿಸಿದರು. ಎರಡು ಖಂಡಗಳ ಕುಸಿತವೂ ಒಂದೇ ಬಗೆಯದೆಂಬುದು ಆ ಸಭೆಯಲ್ಲಿ ಮನವರಿಕೆಯಾಯಿತು. ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ 1962ರಲ್ಲೇ ಬಂದು ಜನಾಭಿಪ್ರಾಯವನ್ನು ಕಲಕಿತ್ತು. ಆದರೂ ನ್ಯಾಯಾಲಯ ಮತ್ತು ವಿಚಾರಣೆಗಳ ಮುಂದೆ ನಿಲ್ಲಬಲ್ಲ ಸಾಕ್ಷ್ಯ ಬೇಕಾಗಿದ್ದಾಗ ತೂಗಿ ನೋಡಬಹುದಾದ ಚಿಪ್ಪುಗಳಿಗೆ ವಿಶೇಷ ಬೆಲೆ ಬಂತು. 1972ರಲ್ಲಿ ಅಮೆರಿಕ ಡಿಡಿಟಿಯ ಕೃಷಿ ಬಳಕೆಯನ್ನು ನಿಲ್ಲಿಸಿತು.

ವಿಷ ನಿಂತರೂ ಹಕ್ಕಿ ತಾನಾಗಿ ಬರುವಂತಿರಲಿಲ್ಲ, ಬರಲು ಪೂರ್ವ ಭಾಗದಲ್ಲಿ ಹಕ್ಕಿಯೇ ಉಳಿದಿರಲಿಲ್ಲ. ಇಲ್ಲಿಂದ ಮುಂದಿನ ಕಥೆ ಗಿಡುಗ ಪಳಗಿಸುವವರದು. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಾಮ್ ಕೇಡ್ ಸ್ವತಃ ಹುಡುಗತನದಿಂದ ಗಿಡುಗ ಸಾಕಿದವರು. 1970ರಲ್ಲಿ ಅವರು ‘ಪೆರೆಗ್ರಿನ್ ಫಂಡ್’ ಎಂಬ ಸಂಸ್ಥೆಯನ್ನು ಆರಂಭಿಸಿ, ಸೆರೆಯಲ್ಲಿ ಈ ಹಕ್ಕಿಯನ್ನು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡಿಸಲು ಹೊರಟರು. ನ್ಯೂಯಾರ್ಕ್ ರಾಜ್ಯದ ಇನ್ನೊಬ್ಬ ಪ್ರಾಧ್ಯಾಪಕ ಹೈಂಜ್ ಮೆಂಗ್ 1971ರಲ್ಲಿ ಸೆರೆಯಲ್ಲಿ ಮರಿ ಮಾಡಿಸುವುದನ್ನು ಸಾಧಿಸಿ, ತಮ್ಮ ಜೋಡಿಯನ್ನು ಕೇಡ್ ಅವರಿಗೆ ಎರವಲು ಕೊಟ್ಟರು. 1973ರಲ್ಲಿ ಕಾರ್ನೆಲ್ಲಿನ ಕೊಟ್ಟಿಗೆಯಲ್ಲಿ 20 ಮರಿಗಳು ಬೆಳೆದವು. ಮರುವರ್ಷದಿಂದ ಬಿಡುಗಡೆ ಶುರುವಾಯಿತು.

ಬಿಡುವ ಕ್ರಮ ಹಳೆಯ ಬೇಟೆಗಾರರದೇ. ಮಧ್ಯಯುಗದಲ್ಲಿ ಗೂಡಿನಿಂದ ತಂದ ಮರಿಯನ್ನು ಪಳಗಿಸುವ ಮುನ್ನ ಎತ್ತರದ ಜಾಗದಲ್ಲಿ ಕಟ್ಟಿಹಾಕದೆ ಇಟ್ಟು, ದಿನವೂ ಒಂದೇ ಕಡೆ ಆಹಾರವಿರಿಸಿ, ರೆಕ್ಕೆ ಬಲಿಯುವ ತನಕ ಸ್ವೇಚ್ಛೆಯಾಗಿ ಹಾರಲು ಬಿಡುತ್ತಿದ್ದರು. ಅದು ತಾನೇ ಬೇಟೆಯಾಡಲು ಆರಂಭಿಸಿದೊಡನೆ ಹಿಡಿದು ಕೈಗೆ ಕೂರಿಸುತ್ತಿದ್ದರು. ಕೇಡ್ ಅವರ ತಂಡ ಇದೇ ಕ್ರಮವನ್ನು ಕೊನೆಯ ಹೆಜ್ಜೆಯನ್ನು ಬಿಟ್ಟು ಅನುಸರಿಸಿತು. ಐದು ವಾರದ ಮರಿಗಳನ್ನು ಸರಳುಗಳ ಪೆಟ್ಟಿಗೆಯಲ್ಲಿಟ್ಟು, ಮನುಷ್ಯರ ಮುಖ ಕಾಣದಂತೆ ಕೊಳವೆಯ ಮೂಲಕ ಆಹಾರ ಬೀಳಿಸಿ, ಕೆಲವು ದಿನಗಳಲ್ಲಿ ಸರಳುಗಳನ್ನು ತೆಗೆದು, ಬೇಟೆ ಕಲಿತು ದೂರ ಸರಿಯುವವರೆಗೂ ಆಹಾರವನ್ನು ಇಡುತ್ತಲೇ ಇದ್ದರು. ಹಳೆಯ ಬೆಟ್ಟದ ನೆಲೆಗಳಲ್ಲಿ ಈ ಯತ್ನಕ್ಕೆ ಒಂದು ಅಡ್ಡಿ ಎದುರಾಯಿತು: ತಾಯಿತಂದೆಗಳ ಕಾವಲಿಲ್ಲದ ಮರಿಗಳನ್ನು ರಾತ್ರಿಯ ಹೊತ್ತು ಕೊಂಬಿನ ಗೂಬೆಗಳು ಕೊಂಡೊಯ್ಯುತ್ತಿದ್ದವು. ಗೂಬೆಯ ಕಾಟವಿಲ್ಲದ ಕರಾವಳಿಯ ಜೌಗುಗಳಲ್ಲಿ ಕಟ್ಟಿದ ಮರದ ಗೋಪುರಗಳು, ಆಮೇಲೆ ನಗರದ ಕಟ್ಟಡಗಳು ಹೀಗೆ ಬಿಡುಗಡೆಯ ತಾಣಗಳಾದವು. 1980ರಲ್ಲಿ ನ್ಯೂಜೆರ್ಸಿಯ ಗೋಪುರಗಳಲ್ಲಿ, ಬಿಟ್ಟ ಹಕ್ಕಿಗಳು ತಾವೇ ಮರಿ ಮಾಡಿದವು.

ಬಾಲ್ಟಿಮೋರ್ ನಗರದ ಹೆಣ್ಣು ಗಿಡುಗವೊಂದರ ಕಥೆ ಈ ಘಟ್ಟದ ಅನಿಶ್ಚಿತತೆಯನ್ನು ಚೆನ್ನಾಗಿ ತೋರಿಸುತ್ತದೆ. ಸ್ಕಾರ್ಲೆಟ್ ಎಂದು ಹೆಸರಿಟ್ಟ ಈ ಹಕ್ಕಿ 1970ರ ದಶಕದ ಕೊನೆಯಲ್ಲಿ ಬಿಡುಗಡೆಯಾಗಿ, ಯಾರೂ ಕರೆಯದೆ ನಗರಕ್ಕೆ ಬಂದು, ವಿಮಾ ಸಂಸ್ಥೆಯೊಂದರ ನಲವತ್ತು ಅಂತಸ್ತಿನ ಕಟ್ಟಡದಲ್ಲಿ 33ನೆಯ ಮಹಡಿಯ ಚಾಚನ್ನು ತನ್ನದಾಗಿಸಿಕೊಂಡಿತು. ಜೊತೆಗೆ ಗಂಡೇ ಇರಲಿಲ್ಲ. ಕಾರ್ನೆಲ್ಲಿನವರು ಒಂದರ ಹಿಂದೊಂದು ಗಂಡುಗಳನ್ನು ತಂದು ಬಿಟ್ಟರು. ಕೆಲವು ಹಾರಿಹೋದವು, ಕೆಲವು ಸತ್ತವು. ಅದು ಇಟ್ಟ ಮೊಟ್ಟೆಗಳು ಫಲಿಸದಿದ್ದಾಗ ಅವುಗಳನ್ನು ತೆಗೆದು ಸಾಕಿದ ಮರಿಗಳನ್ನು ಎದುರಿಗಿಟ್ಟರೆ ಸ್ಕಾರ್ಲೆಟ್ ಅವುಗಳನ್ನು ತನ್ನವೆಂಬಂತೆ ಉಣಿಸಿ ಬೆಳೆಸಿತು. ಕೊನೆಗೆ 1984ರಲ್ಲಿ ಬ್ಯೂರೆಗಾರ್ಡ್ ಎಂದು ಕರೆಯಲಾದ, ತಾನಾಗಿ ಬಂದ ಗಂಡಿನೊಂದಿಗೆ ಸ್ವಂತ ಮರಿಗಳನ್ನು ಪಡೆದು, ಅದೇ ವರ್ಷ ರೋಗದಿಂದ ಸತ್ತುಹೋಯಿತು. ಗಂಡು ಇನ್ನೊಂದು ಹೆಣ್ಣಿನೊಂದಿಗೆ ಅಲ್ಲೇ ಮುಂದುವರಿಯಿತು. ಇದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ, ನ್ಯೂಯಾರ್ಕಿನ ವೆರಜಾನೊ ಮತ್ತು ಥ್ರಾಗ್ಸ್ ನೆಕ್ ಸೇತುವೆಗಳ ಮೇಲೆ ಎರಡು ಜೋಡಿಗಳು ಗೂಡು ಹಿಡಿದಿದ್ದವು.

ನಗರ ಗಿಡುಗಕ್ಕೆ ಏಕೆ ಒಗ್ಗಿತು ಎಂಬುದಕ್ಕೆ ಪಾರಿವಾಳವನ್ನಷ್ಟೇ ಕಾರಣವಾಗಿ ಹೇಳುವುದು ರೂಢಿ. ಪಾರಿವಾಳವೂ ಮೂಲತಃ ಬಂಡೆಯ ಹಕ್ಕಿಯೇ ಆದ್ದರಿಂದ, ಬೇಟೆಯ ಹಕ್ಕಿಯೂ ಬೇಟೆಗಾರ ಹಕ್ಕಿಯೂ ಒಂದೇ ಕಾರಣಕ್ಕೆ ಕಟ್ಟಡಗಳಿಗೆ ಬಂದವು ಎನ್ನಬಹುದು. ಆದರೆ ಗೋಪುರಗಳ ಮೇಲೆ ಬೆಳೆದ ಮರಿಗಳು ದೊಡ್ಡವಾದ ಮೇಲೆ ಅಂಥದ್ದೇ ಎತ್ತರವನ್ನು ಹುಡುಕಿದವು ಎಂಬುದಕ್ಕೂ ಅಷ್ಟೇ ತೂಕ ಕೊಡಬೇಕು. ಬಿಟ್ಟ ಹಕ್ಕಿಗಳು ಅಳಿದ ಪೂರ್ವದ ತಳಿಯವೂ ಆಗಿರಲಿಲ್ಲ. ಅವುಗಳ ಪೂರ್ವಿಕರನ್ನು ಅಲಾಸ್ಕ, ಸ್ಪೇನ್, ಸ್ಕಾಟ್‌ಲೆಂಡ್, ದಕ್ಷಿಣ ಅಮೆರಿಕಗಳಿಂದ ತರಲಾಗಿತ್ತು. ಇದನ್ನು ಆಕ್ಷೇಪಿಸಿದ ತಜ್ಞರಿದ್ದರು, ಅವರ ವಾದದಲ್ಲಿ ಹುರುಳಿತ್ತು. ಕೆನಡಾ ತನ್ನದೇ ತಳಿಗೆ ಕಟ್ಟುಬಿದ್ದು, ಆಲ್ಬರ್ಟಾದ ವೇನ್‌ರೈಟ್ ಎಂಬಲ್ಲಿ ರಿಚರ್ಡ್ ಫೈಫ್ ಅವರ ಉಸ್ತುವಾರಿಯಲ್ಲಿ ಬೇರೆಯಾಗಿಯೇ ಮರಿಗಳನ್ನು ಬೆಳೆಸಿತು. ಎರಡು ದೇಶಗಳೂ ಸೇರಿ ಬಿಟ್ಟ ಹಕ್ಕಿಗಳ ಸಂಖ್ಯೆ 6,000ವನ್ನು ದಾಟಿತು. 1999ರ ಆಗಸ್ಟ್‌ನಲ್ಲಿ ಅಮೆರಿಕ ಈ ಗಿಡುಗವನ್ನು ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ತೆಗೆದುಹಾಕಿತು. ಬ್ರಿಟನ್ನಿನಲ್ಲಿ ಇಂಥ ಬಿಡುಗಡೆಯ ಅಗತ್ಯ ಬೀಳಲಿಲ್ಲ. ಸ್ಕಾಟ್‌ಲೆಂಡಿನ ಎತ್ತರದ ನೆಲೆಗಳಲ್ಲಿ ಉಳಿದುಕೊಂಡಿದ್ದ ಹಕ್ಕಿಗಳೇ ಹರಡಿ, 2014ರ ಗಣತಿಯ ವೇಳೆಗೆ 1,700ಕ್ಕೂ ಹೆಚ್ಚು ಜೋಡಿಗಳಾದವು, ಅದೇ ವರ್ಷ ಸಾಲ್ಸ್‌ಬರಿಯ ಶಿಖರದಲ್ಲಿ ಆರು ದಶಕಗಳ ನಂತರ ಮತ್ತೆ ಮರಿಗಳು ಹುಟ್ಟಿದವು.

ಮಾಂಟ್ರಿಯಲ್ಲಿನಲ್ಲಿ ಗಿಡುಗಗಳು ಮರಳಿ ಬಂದು ಈಗ ಹಲವು ಸೇತುವೆ ಕಟ್ಟಡಗಳಲ್ಲಿ ನೆಲೆಸಿವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದ ನೆಲೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಗೋಪುರದ್ದು. ಅಲ್ಲಿಯೂ ಒಂದು ಜಲ್ಲಿಯ ಪೆಟ್ಟಿಗೆಯಿದೆ. ಹಾಲ್ ಅವರು ಕಿಟಕಿಯ ಹಿಂದೆ ನಿಂತು ನೋಡಿದ್ದನ್ನು ಕ್ಯಾಮೆರಾ ಹಗಲೂ ರಾತ್ರಿ ನೋಡುತ್ತದೆ. ಮೊಟ್ಟೆಯಿಟ್ಟ ಗಳಿಗೆ, ತಂದ ಬೇಟೆಯ ಜಾತಿ, ಮರಿಯ ಕಾಲಿಗೆ ತೊಡಿಸಿದ ಉಂಗುರದ ಅಂಕೆ ಎಲ್ಲವನ್ನೂ ನೋಡುಗರು ಇಂದಿಗೂ ಬರೆದಿಡುತ್ತಾರೆ. ಫಲಿಸದೆ ಉಳಿದ ಮೊಟ್ಟೆಗಳನ್ನು ಪರವಾನಗಿ ಪಡೆದವರು ಸಂಗ್ರಹಿಸಿ ಪರೀಕ್ಷೆಗೆ ಕಳಿಸುವ ಪದ್ಧತಿ ಅನೇಕ ನಗರಗಳಲ್ಲಿ ಬೇರೂರಿದೆ. ಅಂಥ ಪರೀಕ್ಷೆಗಳಲ್ಲಿ ಡಿಡಿಇ ವರ್ಷದಿಂದ ವರ್ಷಕ್ಕೆ ಇಳಿದಿರುವುದು ಕಂಡಿದೆ. ಕ್ಯಾಲಿಫೋರ್ನಿಯದಲ್ಲಿ ಮಾತ್ರ ಹೊಸದೊಂದು ಸಂಗತಿ ಹೊರಬಿತ್ತು: ಸೋಫಾ, ಗಣಕಯಂತ್ರ, ದೂರದರ್ಶನಗಳ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುವ ಬ್ರೋಮಿನ್ ಸಂಯುಕ್ತಗಳು ಗಿಡುಗದ ಮೊಟ್ಟೆಗಳಲ್ಲಿ ಸೇರಿದ್ದವು, ಅದೂ ಕರಾವಳಿಯ ಬಂಡೆಗಳ ಮೊಟ್ಟೆಗಳಿಗಿಂತ ನಗರದ ಮೊಟ್ಟೆಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ. ಅವುಗಳಲ್ಲಿ ಕೆಲವು ಸಂಯುಕ್ತಗಳ ತಯಾರಿಕೆ ಈಗ ನಿಂತಿದೆ, ಬಳಕೆಯಲ್ಲಿರುವ ಹಳೆಯ ಸಾಮಾನುಗಳ ಧೂಳಿನಿಂದ ಅವು ಇನ್ನೂ ಹೊರಬೀಳುತ್ತಿವೆ, ಮೊಟ್ಟೆಗಳ ಪರೀಕ್ಷೆಯೂ ಮುಂದುವರಿದಿದೆ.